ಕಿವಿ ಮೆಷಿನ್ ಕೊಳ್ಳುವ ಮುಂಚೆ: ಯಾರಿಗೆ ಯಾವುದು ಹೊಂದುತ್ತದೆ?

ನಮ್ಮಪ್ಪ ಅರಸೀಕೆರೆ ಹತ್ತಿರದ ಊರಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಹಿಟ್ಟಿನ ಗಿರಣಿ ನಡೆಸಿದವರು. ಬೆಳಗ್ಗೆ ಮೋಟಾರ್ ಶುರುವಾದರೆ ಸಂಜೆವರೆಗೂ ಅದೇ ಸದ್ದು. ಅರವತ್ತು ದಾಟುವ ಹೊತ್ತಿಗೆ ಟಿವಿ ಜೋರಾಯಿತು, ಫೋನಿನಲ್ಲಿ ಮಾತು ಕಡಿಮೆಯಾಯಿತು. ಮನೆಯಲ್ಲಿ ನಾಲ್ಕು ಜನ ಕೂತು ಮಾತಾಡುವಾಗ ಅಪ್ಪ ಸುಮ್ನೆ ಎದ್ದು ಜಗಲಿಗೆ ಹೋಗುತ್ತಿದ್ದರು. ನಾವು ಅದನ್ನು ವಯಸ್ಸಿನ ಬೇಸರ ಅಂದುಕೊಂಡಿದ್ದೆವು.

ತಂಗಿಯ ಮದುವೆ ಹತ್ತಿರ ಬಂದಾಗ ಮೊದಲ ಮೆಷಿನ್ ತಂದೆವು. ಅಪ್ಪನದು ಒಂದೇ ಷರತ್ತು: ಬೀಗರಿಗೆ ಕಾಣಬಾರದು. ಅಂಗಡಿಯಲ್ಲಿ ಹತ್ತು ನಿಮಿಷ ಪರೀಕ್ಷೆ ಮಾಡಿ, ಕಿವಿಯೊಳಗೆ ಪೂರ್ತಿ ಮುಚ್ಚಿಹೋಗುವ ಚಿಕ್ಕ ಮೆಷಿನ್ ಕೊಟ್ಟರು. ಅಪ್ಪ ಅದನ್ನು ಹನ್ನೊಂದು ದಿನ ಹಾಕಿಕೊಂಡರು. ಆಮೇಲೆ ಅದು ಎಲೆಅಡಿಕೆ ಡಬ್ಬಿಯಲ್ಲಿ ಸುಣ್ಣದ ಕಾಯಿ ಪಕ್ಕ ಎರಡು ವರ್ಷ ಇತ್ತು. ಕೇಳಿದರೆ, "ಅದು ಹಾಕ್ಕೊಂಡ್ರೆ ನನ್ನ ಮಾತೇ ಕೊಡದೊಳಗಿಂದ ಬಂದಂಗೆ ಕೇಳುತ್ತೆ ಕಣಮ್ಮ" ಅನ್ನುತ್ತಿದ್ದರು. ಅದು ಹಟ ಅಂತ ನಾನು ರೇಗಿದ್ದೂ ಇದೆ. ಹಟ ಅಲ್ಲ, ಅಪ್ಪ ಹೇಳಿದ್ದು ಅಕ್ಷರಶಃ ನಿಜ ಅಂತ ಗೊತ್ತಾದದ್ದು ಮೈಸೂರಿನಲ್ಲಿ ಒಬ್ಬ ಆಡಿಯಾಲಜಿಸ್ಟ್, ಅಂದರೆ ಕೇಳುವಿಕೆ ಪರೀಕ್ಷಿಸಿ ಮೆಷಿನ್ ಹೊಂದಿಸುವ ತಜ್ಞರು, ಕೂರಿಸಿಕೊಂಡು ವಿವರಿಸಿದಾಗ.

ಆಗ ಕಲಿತದ್ದನ್ನು, ಆಮೇಲೆ ನೆಂಟರಿಷ್ಟರ ಜೊತೆ ಓಡಾಡಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಮೆಷಿನ್ ಡಬ್ಬಿ ಸೇರಬಾರದು ಅನ್ನುವುದೇ ನನ್ನ ಆಸೆ.

ಮೊದಲ ಹೆಜ್ಜೆ: ಅಂಗಡಿಗಲ್ಲ, ಡಾಕ್ಟರ ಹತ್ತಿರ

ಮೊದಲು ಇಎನ್‌ಟಿ ಡಾಕ್ಟರಿಗೆ ಕಿವಿ ತೋರಿಸಿ. ಎಷ್ಟೋ ಸಲ ಕಿವಿಯೊಳಗೆ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೆಗೆದರೆ ಅರ್ಧ ತೊಂದರೆ ಅಲ್ಲೇ ಮುಗಿಯಬಹುದು. ಕಿವಿ ಸೋರುತ್ತಿದ್ದರೆ, ಕಿವಿತಮಟೆಯಲ್ಲಿ ತೂತಿದ್ದರೆ ಅದಕ್ಕೆ ಔಷಧಿ, ಆಪರೇಷನ್ ಇವೆ. ಸೋರುವ ಕಿವಿಗೆ ಮೆಷಿನ್ ತುರುಕಿದರೆ ಗಾಳಿಯಾಡದೆ ಸೋಂಕು ಜಾಸ್ತಿಯಾಗುತ್ತದೆ.

ಎರಡು ಸಂದರ್ಭದಲ್ಲಿ ಒಂದು ದಿನವೂ ಕಾಯಬೇಡಿ. ನಿನ್ನೆವರೆಗೆ ಚೆನ್ನಾಗಿ ಕೇಳುತ್ತಿದ್ದ ಕಿವಿ ಇವತ್ತು ಇದ್ದಕ್ಕಿದ್ದಂತೆ ಮಂದವಾದರೆ ಅದು ತುರ್ತು. ಬೇಗ ಔಷಧಿ ಶುರು ಮಾಡಿದಷ್ಟೂ ಕಿವಿ ಉಳಿಯುವ ಸಾಧ್ಯತೆ ಹೆಚ್ಚು. ಎರಡನೆಯದು, ಒಂದೇ ಕಿವಿ ಕೆಟ್ಟು, ಜೊತೆಗೆ ಗುಂಯ್‌ಗುಡುವಿಕೆ ಅಥವಾ ತಲೆಸುತ್ತು ಇರುವುದು. ಇವಕ್ಕೆ ಕಾರಣ ಹುಡುಕದೆ ಮೆಷಿನ್ ಹಾಕಿಸಿದರೆ ಒಳಗಿನ ಕಾಯಿಲೆ ಹಾಗೇ ಉಳಿದುಬಿಡುತ್ತದೆ.

ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಬಡ್ಸ್ ಕಡ್ಡಿ ಯಾವುದೂ ಬೇಡ. ಕಡ್ಡಿ ಹಾಕಿದರೆ ಗುಗ್ಗೆ ಹೊರಗೆ ಬರುವ ಬದಲು ಇನ್ನೂ ಒಳಗೆ ಹೋಗಿ ಕೂರುತ್ತದೆ.

ಎರಡನೇ ಹೆಜ್ಜೆ: ಆಡಿಯೋಗ್ರಾಂ ಓದಲು ಕಲಿಯಿರಿ

ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದು ಕೇಳಿಸಿ ಮಾಡುವ ಪರೀಕ್ಷೆಗೆ ಪ್ಯೂರ್ ಟೋನ್ ಆಡಿಯೋಮೆಟ್ರಿ ಅನ್ನುತ್ತಾರೆ. ಇದರಿಂದ ಬರುವ ನಕ್ಷೆಯೇ ಆಡಿಯೋಗ್ರಾಂ. ಕನ್ನಡಕಕ್ಕೆ ನಂಬರ್ ಇದ್ದ ಹಾಗೆ ಇದು. ಇದರ ಪ್ರತಿಯನ್ನು ಕೇಳಿ ಇಸಕೊಳ್ಳಿ, ಅದು ನಿಮ್ಮದು.

ನೋಡಿದರೆ ಗಾಬರಿಯಾಗುತ್ತದೆ, ಆದರೆ ಓದುವುದು ಸುಲಭ. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಇಂಟು ಗುರುತುಗಳು ಎಡಗಿವಿ. ಎಡದಿಂದ ಬಲಕ್ಕೆ ಹೋದಂತೆ ಸದ್ದು ತಗ್ಗಿನಿಂದ ಕೀಚಲಿಗೆ ಏರುತ್ತದೆ: ಎಡ ತುದಿಯ 250 ಹರ್ಟ್ಸ್ ಅಂದರೆ ಡೊಳ್ಳಿನಂಥ ಗಡಸು ಸದ್ದು, ಬಲ ತುದಿಯ 8000 ಅಂದರೆ ಜೀರುಂಡೆಯಂಥ ಸದ್ದು. ಮೇಲಿಂದ ಕೆಳಕ್ಕೆ ಡೆಸಿಬಲ್, ಅಂದರೆ ಸದ್ದು ಎಷ್ಟು ಜೋರು ಅನ್ನುವ ಅಳತೆ. ಗುರುತು ಕೆಳಗೆ ಹೋದಷ್ಟೂ ಕೇಳುವಿಕೆ ಕಡಿಮೆ. 25ರ ಒಳಗಿದ್ದರೆ ಸರಿಯಾಗಿದೆ ಅಂತ. 26ರಿಂದ 40 ಅಲ್ಪ, 41ರಿಂದ 55 ಮಧ್ಯಮ, 56ರಿಂದ 70 ಮಧ್ಯಮಕ್ಕಿಂತ ಜಾಸ್ತಿ, 71ರಿಂದ 90 ತೀವ್ರ, 90 ದಾಟಿದರೆ ಅತಿ ತೀವ್ರ. ಇನ್ನೊಂದು ಮಾತು, ಡೆಸಿಬಲ್ ಅನ್ನುವುದು ಶೇಕಡಾ ಅಲ್ಲ. ನಕ್ಷೆಯಲ್ಲಿ 60 ಇದ್ದರೆ ನೂರಕ್ಕೆ ಅರವತ್ತು ಭಾಗ ಕಿವುಡು ಅಂತ ಅರ್ಥವಲ್ಲ.

ನಂಬರಿನಷ್ಟೇ ಮುಖ್ಯವಾದದ್ದು ಗೆರೆಯ ಆಕಾರ. ಅಪ್ಪನ ಗೆರೆ ಎಡಗಡೆ 25, 30ರ ಹತ್ತಿರ ಚಪ್ಪಟೆಯಾಗಿ ಶುರುವಾಗಿ ಬಲಗಡೆ ಬಾವಿಗೆ ಇಳಿದಂತೆ 70ಕ್ಕೆ ಇಳಿದಿತ್ತು. ಗಿರಣಿ, ಮಗ್ಗ, ಗಾರೆ ಮೆಷಿನ್, ಪಟಾಕಿ, ಹೀಗೆ ಜೋರು ಸದ್ದಿನಲ್ಲಿ ದುಡಿದವರಿಗೆ ಮೊದಲು ಕೀಚಲು ಸದ್ದುಗಳೇ ಹೋಗುತ್ತವೆ, ಅದರಲ್ಲೂ 4000 ಹರ್ಟ್ಸ್ ಆಸುಪಾಸಿನವು. ವಯಸ್ಸಾದ ಕಿವಿಯೂ ಸಾಮಾನ್ಯವಾಗಿ ಇದೇ ದಾರಿ ಹಿಡಿಯುತ್ತದೆ.

ಇದರ ಪರಿಣಾಮ ನಮ್ಮ ಭಾಷೆಯಲ್ಲಿ ಹೇಗೆ ಕಾಣುತ್ತದೆ ನೋಡಿ. ಆ, ಊ, ಓ ಇಂಥ ಸ್ವರಗಳ ಬಲವೆಲ್ಲ ತಗ್ಗು ಸದ್ದಿನಲ್ಲಿದೆ. ಸ, ಶ, ಚ, ತ, ಕ, ಪ ಇವುಗಳ ಗುರುತು ಇರುವುದು ಕೀಚಲು ಭಾಗದಲ್ಲಿ, ಅದೂ ಬಹಳ ಮೆಲ್ಲಗೆ. ಹಾಲು, ಸಾಲು, ಕಾಲು, ಪಾಲು ಅಂತ ಹೇಳಿ. ಇಂಥ ಕಿವಿಗೆ ನಾಲ್ಕರಲ್ಲೂ "ಆಲು" ಮಾತ್ರ ಸಿಗುತ್ತದೆ, ಮೊದಲ ಅಕ್ಷರ ಊಹೆ. "ಮಾತಾಡೋದು ಕೇಳುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ" ಅಂತ ಹಿರಿಯರು ಹೇಳುವುದು ಇದಕ್ಕೇ. ಇಂಥವರ ಹತ್ತಿರ ಕಿರುಚಿದರೆ ಸ್ವರಗಳು ಇನ್ನಷ್ಟು ಜೋರಾಗುತ್ತವೆ, ವ್ಯಂಜನಗಳು ಹಾಗೇ ಉಳಿಯುತ್ತವೆ. ಅದಕ್ಕೇ ಅವರು "ಯಾಕೆ ಕೂಗಾಡ್ತೀಯ" ಅಂತ ಬೇಜಾರು ಮಾಡಿಕೊಳ್ಳುವುದು.

ಇದರ ಜೊತೆಗೆ ಮಾತಿನ ಪರೀಕ್ಷೆಯೂ ಆಗಬೇಕು. ಪದಗಳನ್ನು ಹೇಳಿ, ಎಷ್ಟು ಸರಿಯಾಗಿ ತಿರುಗಿ ಹೇಳುತ್ತಾರೆ ಅಂತ ಲೆಕ್ಕ ಹಾಕುತ್ತಾರೆ. ಇದನ್ನು ಅವರವರ ಮಾತಿನಲ್ಲೇ ಮಾಡಿಸಿ. ಕನ್ನಡದಲ್ಲಿ ಇದಕ್ಕಾಗಿಯೇ ಸಿದ್ಧಪಡಿಸಿದ ಪದಪಟ್ಟಿಗಳಿವೆ. ಈ ಅಂಕ ಬಹಳ ಕಡಿಮೆ ಬಂದರೆ ಸದ್ದು ಎಷ್ಟು ಹೆಚ್ಚಿಸಿದರೂ ಮಾತು ಪೂರ್ತಿ ಸ್ಪಷ್ಟವಾಗುವುದಿಲ್ಲ. ಆಗ ಎಷ್ಟೇ ದುಬಾರಿ ಮೆಷಿನ್ ತಂದರೂ ಅದರ ಮಿತಿ ಮೊದಲೇ ಗೊತ್ತಿರಬೇಕು.

ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿತ ಆಡಿಯಾಲಜಿಸ್ಟ್ ಆಗಿರಬೇಕು. ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಅದು ಪಕ್ಕದಲ್ಲೇ ಇದೆ. ಬೆಂಗಳೂರಿನಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ, ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಸಂಸ್ಥೆಯ ವಾಕ್ ಶ್ರವಣ ಕಾಲೇಜು ಇವೆ. ಮೆಷಿನ್ ಮಾರುವ ಅಂಗಡಿಯ ಉಚಿತ ಪರೀಕ್ಷೆಗಿಂತ ಇಂಥ ಕಡೆ ಒಂದು ದಿನ ಕಳೆಯುವುದು ಮೇಲು.

ಮೂರನೇ ಹೆಜ್ಜೆ: ಯಾವ ಆಕಾರ?

ಮೆಷಿನ್‌ಗಳ ಒಳಗಿನ ಕೆಲಸ ಒಂದೇ. ಮೈಕ್ ಸದ್ದು ಹಿಡಿಯುತ್ತದೆ, ಚಿಪ್ ಅದನ್ನು ನಿಮ್ಮ ನಕ್ಷೆಗೆ ತಕ್ಕಂತೆ ಹೆಚ್ಚಿಸುತ್ತದೆ, ರಿಸೀವರ್ ಅನ್ನುವ ಪುಟ್ಟ ಸ್ಪೀಕರ್ ಕಿವಿಗೆ ಬಿಡುತ್ತದೆ. ಈ ಮೂರು ಎಲ್ಲಿ ಕೂತಿವೆ ಅನ್ನುವುದರ ಮೇಲೆ ಬಗೆಗಳಾಗುತ್ತವೆ.

ಜೇಬಿನ ಮೆಷಿನ್ ಎಲ್ಲಕ್ಕಿಂತ ಹಳೆಯದು. ಬೆಂಕಿಪೊಟ್ಟಣದಷ್ಟು ಡಬ್ಬಿ ಜೇಬಿನಲ್ಲಿ, ವೈರ್ ಕಿವಿಗೆ. ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ, ಆ ಸೆಲ್ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಗುಂಡಿಗಳು ದೊಡ್ಡವು, ಶಕ್ತಿಯೂ ಜಾಸ್ತಿ. ಕೈ ನಡುಗುವವರಿಗೆ, ಹಾಸಿಗೆ ಹಿಡಿದವರಿಗೆ ಇದು ಇವತ್ತಿಗೂ ಒಳ್ಳೆಯದೇ. ಕೊರತೆ ಏನೆಂದರೆ ಬಟ್ಟೆ ಉಜ್ಜಿದ ಸದ್ದು ಮೈಕಿಗೆ ಬೀಳುತ್ತದೆ, ವೈರ್ ಆಗಾಗ ಕಿತ್ತುಹೋಗುತ್ತದೆ. ಮಾತು ಕೇಳಿಬರುವುದು ಎದೆಯಿಂದ, ಹಾಗಾಗಿ ಯಾವ ಕಡೆಯಿಂದ ಕರೆದರು ಅಂತ ಗೊತ್ತಾಗುವುದಿಲ್ಲ.

ಕಿವಿ ಹಿಂದೆ ಕೂರುವ ಬಿಟಿಇ ಎಲ್ಲಕ್ಕಿಂತ ಗಟ್ಟಿ ಆಳು. ಎಲ್ಲ ಯಂತ್ರಭಾಗ ಕಿವಿ ಹಿಂದಿನ ಚಿಪ್ಪಿನಲ್ಲಿ. ಅಲ್ಲಿಂದ ಕೊಳವೆ ಮೂಲಕ ಸದ್ದು ಮೋಲ್ಡ್‌ಗೆ ಬರುತ್ತದೆ. ಮೋಲ್ಡ್ ಅಂದರೆ ನಿಮ್ಮ ಕಿವಿಯ ಅಚ್ಚು ತೆಗೆದು ಮಾಡಿದ ತುಂಡು. ಅಲ್ಪದಿಂದ ಅತಿ ತೀವ್ರದವರೆಗೆ ಎಲ್ಲಕ್ಕೂ ಬಿಟಿಇ ಇದೆ. ಗುಗ್ಗೆ ಜಾಸ್ತಿ ಬರುವವರಿಗೆ, ಮಕ್ಕಳಿಗೆ, 70 ಡೆಸಿಬಲ್ ದಾಟಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೆಟ್ಟರೆ ರಿಪೇರಿಯೂ ಸುಲಭ, ಕೊಳವೆ ಗಟ್ಟಿಯಾದರೆ ಬದಲಾಯಿಸಲು ಕಡಿಮೆ ಖರ್ಚು. ಮೋಲ್ಡ್ ಸಡಿಲವಾದರೆ ಮಾತ್ರ ಕುಂಯ್ ಅಂತ ಸೀಟಿ ಹೊಡೆಯುತ್ತದೆ. ಅದಕ್ಕೆ ಮೆಷಿನ್ ಬದಲಿಸಬೇಕಿಲ್ಲ, ಹೊಸ ಅಚ್ಚು ತೆಗೆಸಿದರೆ ಸಾಕು.

ಆರ್‌ಐಸಿ ನೋಡಲು ಬಿಟಿಇಯ ತಮ್ಮನಂತಿದೆ. ಚಿಪ್ಪು ಇನ್ನೂ ಸಣ್ಣದು, ಸ್ಪೀಕರ್ ಮಾತ್ರ ತೆಳು ತಂತಿಯ ತುದಿಯಲ್ಲಿ ಕಿವಿಯೊಳಗೆ ಕೂರುತ್ತದೆ. ತುದಿಗೆ ಮೆದುವಾದ ರಬ್ಬರ್ ಟೋಪಿ. ಅದಕ್ಕೆ ಡೋಮ್ ಅನ್ನುತ್ತಾರೆ. ತೂತುಗಳಿರುವ ತೆರೆದ ಡೋಮ್ ಹಾಕಿದರೆ ಕಿವಿ ಮುಚ್ಚುವುದಿಲ್ಲ. ತಗ್ಗು ಸದ್ದು ತಾನಾಗಿಯೇ ಒಳಗೆ ಹೋಗುತ್ತದೆ, ಕೀಚಲು ಸದ್ದನ್ನಷ್ಟೇ ಮೆಷಿನ್ ಸೇರಿಸುತ್ತದೆ.

ಅಪ್ಪನ ಕೊಡದ ಮಾತಿನ ಗುಟ್ಟು ಇಲ್ಲೇ ಇತ್ತು. ನೀವೇ ಎರಡು ಕಿವಿಗೂ ಬೆರಳಿಟ್ಟು ಮಾತಾಡಿ ನೋಡಿ, ನಿಮ್ಮ ದನಿ ತಲೆಯೊಳಗೆ ಗುಂಯ್ ಅನ್ನುತ್ತದೆ. ತಗ್ಗು ಸದ್ದು ಚೆನ್ನಾಗಿ ಕೇಳುವ ಕಿವಿಯನ್ನು ಪೂರ್ತಿ ಮುಚ್ಚಿದರೆ ಆಗುವುದು ಅದೇ. ಅಪ್ಪನ ತಗ್ಗು ಸದ್ದಿನ ಕಿವಿ ಹೆಚ್ಚುಕಡಿಮೆ ಸರಿಯಾಗೇ ಇತ್ತು. ಆ ಚಿಕ್ಕ ಮೆಷಿನ್ ಅದಕ್ಕೆ ಬಿರಡೆ ಹಾಕಿತ್ತು. ನಕ್ಷೆಯ ಆಕಾರ ನೋಡಿದ್ದರೆ ಮೊದಲ ದಿನವೇ ಇದು ಗೊತ್ತಾಗುತ್ತಿತ್ತು.

ಆರ್‌ಐಸಿಯ ದೌರ್ಬಲ್ಯ ಅದರ ಸ್ಪೀಕರ್. ಕಿವಿಯೊಳಗೇ ಇರುವುದರಿಂದ ಗುಗ್ಗೆ, ಬೆವರು ಸೇರುತ್ತವೆ. ತುದಿಯ ಪುಟ್ಟ ಜಾಲರಿಯನ್ನು ಆಗಾಗ ಬದಲಿಸಬೇಕು. ಮರೆತರೆ "ಮೆಷಿನ್ ಸತ್ತುಹೋಯಿತು" ಅಂತ ಓಡಬೇಕಾಗುತ್ತದೆ, ಎಷ್ಟೋ ಸಲ ಸತ್ತಿರುವುದು ಜಾಲರಿ ಮಾತ್ರ.

ಕಿವಿಯೊಳಗೆ ಕೂರುವ ಬಗೆಗಳಲ್ಲಿ ದೊಡ್ಡದು ಐಟಿಇ, ಸ್ವಲ್ಪ ಚಿಕ್ಕದು ಐಟಿಸಿ, ಇನ್ನೂ ಒಳಗಿನದು ಸಿಐಸಿ, ಹೊರಗೆ ಕಾಣುವುದೇ ಇಲ್ಲ ಅನ್ನುವಂಥದ್ದು ಐಐಸಿ. ಹೊರಗಿವಿಯ ಬಟ್ಟಲು ತುಂಬುವ ಐಟಿಇಯಲ್ಲಿ ಹಿಡಿದುಕೊಳ್ಳಲು ಜಾಗವಿದೆ, ಕನ್ನಡಕಕ್ಕೆ ಅಡ್ಡ ಬರುವುದಿಲ್ಲ. ಸಿಐಸಿ, ಐಐಸಿ ಸಣ್ಣಗಾದಂತೆ ಕಳೆದುಕೊಳ್ಳುವುದೂ ಇದೆ: ಬ್ಯಾಟರಿ ಎಲ್ಲಕ್ಕಿಂತ ಚಿಕ್ಕದು, ಎರಡು ಮೈಕ್ ಇಡಲು ಜಾಗವಿಲ್ಲ, ಗುಗ್ಗೆಯಿಂದ ಬೇಗ ಕಟ್ಟಿಕೊಳ್ಳುತ್ತದೆ. ಅಲ್ಪ, ಮಧ್ಯಮ ಮಟ್ಟದ, ಚಪ್ಪಟೆ ಗೆರೆಯ ನಷ್ಟವಿರುವ, ಬೆರಳು ಚುರುಕಾಗಿರುವ ಕೆಲಸಗಾರರಿಗೆ ಇವು ಹೊಂದಬಹುದು. ಎಪ್ಪತ್ತೈದರ ಅಜ್ಜನಿಗೆ ಅಲ್ಲ.

ಇವುಗಳಾಚೆಗೂ ದಾರಿಗಳಿವೆ. ಹುಟ್ಟಿನಿಂದ ಕಿವಿಯ ದಾರಿಯೇ ಇಲ್ಲದವರಿಗೆ, ಕಿವಿ ಸೋರುವುದು ನಿಲ್ಲದವರಿಗೆ ಮೂಳೆಯ ಮೂಲಕ ಸದ್ದು ಕಳಿಸುವ ಮೆಷಿನ್ ಇದೆ. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ, ಕೆಟ್ಟ ಕಡೆಯ ಸದ್ದನ್ನು ಒಳ್ಳೆಯ ಕಿವಿಗೆ ದಾಟಿಸುವ ಕ್ರಾಸ್ ಅನ್ನುವ ಜೋಡಿ ಇದೆ. ಅತಿ ತೀವ್ರ ನಷ್ಟದಲ್ಲಿ ಬಲವಾದ ಬಿಟಿಇಯಿಂದಲೂ ಮಾತು ತಿಳಿಯದಿದ್ದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ಕೇಳಿ.

ನಾಲ್ಕನೇ ಹೆಜ್ಜೆ: ಬೆರಳಿನ ಪರೀಕ್ಷೆ

ಇದನ್ನು ಯಾವ ಯಂತ್ರವೂ ಮಾಡುವುದಿಲ್ಲ, ನೀವೇ ಮಾಡಬೇಕು. ಕೊಳ್ಳುವ ಮುಂಚೆ ಮಾದರಿ ಮೆಷಿನ್ ಅನ್ನು ಹಾಕಿಕೊಳ್ಳಬೇಕಾದವರ ಕೈಗೇ ಕೊಡಿ. ನೀವು ಸಹಾಯ ಮಾಡಬೇಡಿ. ಬ್ಯಾಟರಿ ಬಾಗಿಲು ತೆಗೆದು, ಹಾಕಿ, ಮುಚ್ಚಲಿ. ಕಿವಿಗೆ ಹಾಕಿಕೊಂಡು ತೆಗೆಯಲಿ. ಮೂರು ಸಲ ಮಾಡಿಸಿ. ಮೂರರಲ್ಲಿ ಎರಡು ಸಲ ಕೈ ತಪ್ಪಿದರೆ ಆ ಬಗೆ ಬೇಡ, ಅಷ್ಟೇ. ಅಪ್ಪನ ಬೆರಳುಗಳು ಬೆಲ್ಟ್ ಎಳೆದು, ಮೂಟೆ ಹೊತ್ತು ದಪ್ಪವಾದವು. ಕಡಲೆಬೇಳೆಯಷ್ಟಿದ್ದ ಬ್ಯಾಟರಿ ಅವರ ಕೈಯಿಂದ ಜಾರಿ ಮಂಚದ ಕೆಳಗೆ ಹೋದರೆ ಹುಡುಕಲು ಕಣ್ಣೂ ಸಾಲುತ್ತಿರಲಿಲ್ಲ.

ದಿನದ ಬದುಕನ್ನೂ ಜೊತೆಗಿಟ್ಟು ಯೋಚಿಸಿ. ತಲೆಗೆ ದಿನಾ ಕೊಬ್ಬರಿ ಎಣ್ಣೆ ಹಚ್ಚುವವರಿಗೆ ಎಣ್ಣೆ ಮೈಕಿನ ಸಣ್ಣ ತೂತಿಗೆ ಇಳಿಯುತ್ತದೆ. ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಮೆಷಿನ್ ಹಾಕುವ ಅಭ್ಯಾಸ ಮಾಡಿಸಿ. ದಪ್ಪ ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಬಿಟಿಇ ಹಾಕಿ ನೋಡಲಿ. ಕಾಣುತ್ತದೆ ಅನ್ನುವ ಚಿಂತೆ ಹೆಂಗಸರಿಗೆ ಬೇಕಾಗಿಲ್ಲ, ಕೂದಲು ಬಿಟ್ಟರೆ ಅಥವಾ ಸೆರಗು ಹೊದ್ದರೆ ಬಿಟಿಇ ಮರೆಯಾಗುತ್ತದೆ. ಕೂದಲಿನ ಬಣ್ಣದ ಚಿಪ್ಪು ಆರಿಸಿಕೊಳ್ಳಿ. ಗಂಡಸರಿಗೂ ನಾನು ಹೇಳುವುದು ಒಂದೇ: ಮೆಷಿನ್ ಕಾಣುವುದಕ್ಕಿಂತ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುವುದೇ ಜನರ ಕಣ್ಣಿಗೆ ಜಾಸ್ತಿ ಬೀಳುತ್ತದೆ.

ಐದನೇ ಹೆಜ್ಜೆ: ಸೆಲ್ಲೋ, ಚಾರ್ಜರ್ರೋ

ಸೆಲ್‌ಗಳಿಗೆ ಬಣ್ಣದ ಗುರುತಿದೆ. ಹಳದಿ ಅಂದರೆ 10 ನಂಬರ್, ಕಂದು 312, ಕಿತ್ತಳೆ 13, ನೀಲಿ 675. ಈ ಕ್ರಮದಲ್ಲೇ ದೊಡ್ಡದಾಗುತ್ತವೆ. ಹಳದಿ ಒಂದು ವಾರ ಬಂದರೆ ಹೆಚ್ಚು, ಕಿತ್ತಳೆ ಒಂದೆರಡು ವಾರ ಬರುತ್ತದೆ. ಇವು ಗಾಳಿ ಹೀರಿ ಕೆಲಸ ಮಾಡುವ ಸೆಲ್‌ಗಳು. ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗಿಟ್ಟು ಆಮೇಲೆ ಹಾಕಿ. ಒಮ್ಮೆ ಕಿತ್ತರೆ ಮತ್ತೆ ಅಂಟಿಸಿ ಉಳಿಸಲು ಆಗದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸೆಲ್ ಕೈಗೆ ಸಿಗದಂತಿಡಿ. ನುಂಗಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಚಾರ್ಜ್ ಆಗುವ ಮೆಷಿನ್ ರಾತ್ರಿ ಡಬ್ಬಿಯಲ್ಲಿಟ್ಟರೆ ಒಂದು ದಿನ ಪೂರ್ತಿ ಬರುತ್ತದೆ. ಕೈ ನಡುಗುವವರಿಗೆ, ದೃಷ್ಟಿ ಕಡಿಮೆ ಇರುವವರಿಗೆ ಇದು ವರ. ಆದರೆ ಕರೆಂಟ್ ದಿನಗಟ್ಟಲೆ ಹೋಗುವ ಮಲೆನಾಡಿನ ಊರುಗಳಲ್ಲಿ, ಪವರ್‌ಬ್ಯಾಂಕ್‌ನಿಂದ ನಡೆಯುವ ಚಾರ್ಜರ್ ಇದೆಯಾ ಅಂತ ಕೇಳಿಯೇ ಕೊಳ್ಳಿ. ಒಳಗಿನ ಬ್ಯಾಟರಿ ಕೆಲವು ವರ್ಷಕ್ಕೆ ಸೋಲುತ್ತದೆ, ಬದಲಿಸುವ ಖರ್ಚನ್ನೂ ಈಗಲೇ ವಿಚಾರಿಸಿ.

ಆರನೇ ಹೆಜ್ಜೆ: ಒಂದು ಕಿವಿಗೋ, ಎರಡಕ್ಕೋ

ಎರಡೂ ಕಿವಿಯಲ್ಲಿ ನಷ್ಟ ಇದ್ದರೆ ಎರಡಕ್ಕೂ ಹಾಕುವುದೇ ಸರಿ. ಸದ್ದು ಯಾವ ಕಡೆಯಿಂದ ಬಂತು ಅಂತ ಮಿದುಳು ಲೆಕ್ಕ ಹಾಕುವುದು ಎರಡು ಕಿವಿಯ ವ್ಯತ್ಯಾಸದಿಂದ. ರಸ್ತೆ ದಾಟುವಾಗ ಇದು ಜೀವದ ಪ್ರಶ್ನೆ. ಗದ್ದಲದಲ್ಲಿ ಮಾತು ಹಿಡಿಯಲೂ ಎರಡು ಕಿವಿ ಬೇಕು.

ದುಡ್ಡು ಇಷ್ಟೇ ಇದೆ ಅಂದರೆ? ಒಂದು ಕಿವಿಗೆ ದುಬಾರಿಯದು ತರುವ ಬದಲು ಎರಡು ಕಿವಿಗೂ ಸಾಧಾರಣದ್ದು ತರುವುದು ಬಹಳ ಜನರಿಗೆ ಉತ್ತಮ. ಇದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೂ ಆಗದಿದ್ದರೆ ಯಾವ ಕಿವಿಗೆ ಮೊದಲು ಅನ್ನುವುದನ್ನು ಮಾತಿನ ಪರೀಕ್ಷೆಯ ಅಂಕ ನೋಡಿ ಆಡಿಯಾಲಜಿಸ್ಟ್ ಹೇಳಲಿ.

ಏಳನೇ ಹೆಜ್ಜೆ: ಯಾವುದಕ್ಕೆ ದುಡ್ಡು ಕೊಡಬೇಕು

ಅಂಗಡಿಯಲ್ಲಿ 4 ಚಾನೆಲ್, 8 ಚಾನೆಲ್, 16 ಚಾನೆಲ್ ಅಂತ ಬೆಲೆ ಏರಿಸುತ್ತಾ ಹೋಗುತ್ತಾರೆ. ಚಾನೆಲ್ ಅಂದರೆ ಸದ್ದನ್ನು ಎಷ್ಟು ಪಾಲು ಮಾಡಿ ಬೇರೆ ಬೇರೆಯಾಗಿ ತಿದ್ದಬಹುದು ಅನ್ನುವುದು. ಗೆರೆ ಕಡಿದಾಗಿ ಇಳಿದವರಿಗೆ ಇದರಿಂದ ಅನುಕೂಲ ಇದೆ. ಆದರೆ ಚಾನೆಲ್ ಎರಡರಷ್ಟಾದರೆ ಕೇಳುವುದು ಎರಡರಷ್ಟಾಗುವುದಿಲ್ಲ.

ಮುಂದಿನಿಂದ ಬರುವ ಮಾತನ್ನು ಹೆಚ್ಚು ಹಿಡಿಯುವ ಎರಡು ಮೈಕಿನ ಏರ್ಪಾಡು, ಸೀಟಿ ತಡೆಯುವ ಏರ್ಪಾಡು, ಜೋರು ಸದ್ದು ಕಿವಿಗೆ ಬಡಿಯದಂತೆ ಹಿಡಿದಿಡುವ ಮಿತಿ ಇವು ಮೂರು ಬೇಕೇಬೇಕು. ಬ್ಲೂಟೂತ್ ಬೇಕಾ? ದೂರದ ಮಕ್ಕಳ ಜೊತೆ ದಿನಾ ಫೋನಿನಲ್ಲಿ ಮಾತಾಡುವವರಿಗೆ ಖಂಡಿತ. ಆದರೆ ಅವರ ಫೋನಿಗೇ ಜೋಡಿಸಿ ತೋರಿಸಲು ಹೇಳಿ, ಎಲ್ಲ ಫೋನಿಗೂ ಎಲ್ಲ ಮೆಷಿನ್ ಹೊಂದುವುದಿಲ್ಲ. ಬ್ಲೂಟೂತ್ ಇಲ್ಲದ ಬಿಟಿಇ ಹಾಕಿದವರು ಫೋನನ್ನು ಕಿವಿ ತೂತಿಗಲ್ಲ, ಸ್ವಲ್ಪ ಮೇಲೆ, ಮೆಷಿನ್‌ನ ಮೈಕಿನ ಹತ್ತಿರ ಹಿಡಿಯಬೇಕು. ಇಷ್ಟು ಹೇಳಿಕೊಟ್ಟದ್ದಕ್ಕೇ ನಮ್ಮ ದೊಡ್ಡಮ್ಮನ ಅರ್ಧ ತಕರಾರು ಹೋಯಿತು.

ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಸಿಗುವುದರಲ್ಲಿ ಬಹುಪಾಲು ಸದ್ದು ದೊಡ್ಡದು ಮಾಡುವ ಸಾಧನಗಳು. ಕೇಳುವ ಸದ್ದನ್ನೂ ಕೇಳದ ಸದ್ದನ್ನೂ ಒಂದೇ ಸಮ ಹೆಚ್ಚಿಸುತ್ತವೆ. ಉಳಿದ ಕಿವಿಗೂ ಏಟು ಬೀಳಬಹುದು. ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ಡಾಕ್ಟರ ಚೀಟಿ ಇಲ್ಲದೆ ಮೆಷಿನ್ ಕೊಳ್ಳಬಹುದು. ಅದು ಅಲ್ಪ, ಮಧ್ಯಮ ನಷ್ಟದ ವಯಸ್ಕರಿಗೆ ಮಾತ್ರ. ಅಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ತಂದುಕೊಡುವ ಮುಂಚೆ, ಇಲ್ಲಿ ಅದನ್ನು ಸೆಟ್ ಮಾಡುವವರು, ರಿಪೇರಿ ಮಾಡುವವರು ಯಾರು ಅಂತ ವಿಚಾರಿಸಿಕೊಳ್ಳಿ.

ಎಂಟನೇ ಹೆಜ್ಜೆ: ಖರ್ಚು ಮತ್ತು ಸರ್ಕಾರದ ನೆರವು

ಜೇಬಿನ ಮೆಷಿನ್ ಕೆಲವೇ ಸಾವಿರ, ಸಾಧಾರಣ ಡಿಜಿಟಲ್ ಬಿಟಿಇ ಹತ್ತು ಸಾವಿರದ ಆಸುಪಾಸಿನಿಂದ ಮೇಲೆ, ದುಬಾರಿ ಆರ್‌ಐಸಿ ಒಂದು ಕಿವಿಗೇ ಲಕ್ಷ ದಾಟುತ್ತದೆ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಬಿಲ್‌ನಲ್ಲಿ ಮೆಷಿನ್ ಮೇಲೆ ತೆರಿಗೆ ಹಾಕಿದ್ದರೆ ಪ್ರಶ್ನೆ ಮಾಡಿ.

ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ. 40 ಶೇಕಡಾ ಅಥವಾ ಹೆಚ್ಚು ಅಂಗವಿಕಲತೆಯ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್ ಇದ್ದರೆ ಆದಾಯ ಮಿತಿಯೊಳಗಿನವರಿಗೆ ಮೆಷಿನ್ ಉಚಿತವಾಗಿ ಅಥವಾ ಅರ್ಧ ಬೆಲೆಗೆ ಸಿಗುತ್ತದೆ. ಮೈಸೂರಿನ ಸಂಸ್ಥೆಯಲ್ಲೂ ಕೊಡುತ್ತಾರೆ. ಪ್ರಮಾಣಪತ್ರಕ್ಕೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಕೊಳ್ಳಿ. 60 ದಾಟಿದ ಬಡ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಅದರ ಶಿಬಿರ ನಿಮ್ಮ ಜಿಲ್ಲೆಯಲ್ಲಿ ಯಾವಾಗ ಅಂತ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಶಿಬಿರದಲ್ಲಿ ಸಿಕ್ಕ ಮೆಷಿನ್ ಅನ್ನು ಹಾಗೇ ಹಾಕಿಕೊಳ್ಳದೆ, ಹತ್ತಿರದ ಆಡಿಯಾಲಜಿಸ್ಟ್‌ರಿಂದ ನಿಮ್ಮ ನಕ್ಷೆಗೆ ತಕ್ಕಂತೆ ಸೆಟ್ ಮಾಡಿಸಿ, ಮೋಲ್ಡ್ ಮಾಡಿಸಿ. ಶಿಬಿರದ ಮೆಷಿನ್‌ಗಳು ಮೂಲೆ ಸೇರಲು ಬಹಳ ಸಲ ಇದೊಂದೇ ಕಾರಣ.

ಮಗುವಿನ ವಿಷಯಕ್ಕೆ ಬೇರೆ ಲೆಕ್ಕ. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಮೆಷಿನ್ ಅಥವಾ ಬೇರೆ ಚಿಕಿತ್ಸೆ ಶುರು. ನಿದ್ದೆಯಲ್ಲಿರುವ ಕೂಸಿಗೂ ಬೇರಾ (BERA) ಅನ್ನುವ, ಸದ್ದಿಗೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಅಂತ ಅಳೆಯುವ ಪರೀಕ್ಷೆ ಮಾಡಬಹುದು. "ಅವರ ತಾತನೂ ಲೇಟಾಗಿ ಮಾತಾಡಿದ್ರು" ಅಂತ ಕಾಯುತ್ತಾ ಕೂತರೆ ಮಾತು ಕಲಿಯುವ ವಯಸ್ಸೇ ಕಳೆದುಹೋಗುತ್ತದೆ. ಮಕ್ಕಳಿಗೆ ಬಿಟಿಇ ಮತ್ತು ಮೆದು ಮೋಲ್ಡ್. ಕಿವಿ ಬೆಳೆದ ಹಾಗೆ ಮೋಲ್ಡ್ ಬದಲಿಸುತ್ತಿರಬೇಕು.

ಒಂಬತ್ತನೇ ಹೆಜ್ಜೆ: ಹಾಕಿ ನೋಡಿ, ಸೆಟ್ ಮಾಡಿಸಿ

ಕೊಳ್ಳುವ ಮುಂಚೆ ಎರಡು ಮೂರು ಬಗೆಯ ಮೆಷಿನ್ ಹಾಕಿಸಿ, ಮಾತಾಡಿಸಿ ನೋಡಿ. ಅಂಗಡಿಯ ತಣ್ಣನೆ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿ ಕೇಳುತ್ತದೆ. ಹೊರಗೆ ರಸ್ತೆಗೆ ಬನ್ನಿ, ಹೋಟೆಲಿನಲ್ಲಿ ಕಾಫಿ ಕುಡಿಯಿರಿ. ಆಗುವುದಾದರೆ ಕೆಲವು ದಿನ ಮನೆಗೆ ಕೊಡಲು ಕೇಳಿ. ಎಷ್ಟು ವರ್ಷ ಗ್ಯಾರಂಟಿ, ಮತ್ತೆ ಮತ್ತೆ ಸೆಟ್ ಮಾಡಲು ಬೇರೆ ಶುಲ್ಕವಾ, ಬೇರೆ ಊರಿನ ಆಡಿಯಾಲಜಿಸ್ಟ್ ಇದನ್ನು ಸೆಟ್ ಮಾಡಬಹುದಾ ಅಂತ ಕೇಳಿ ಬರೆಸಿಕೊಳ್ಳಿ. ಕೆಲವು ಮೆಷಿನ್‌ಗಳನ್ನು ಮಾರಿದವರು ಮಾತ್ರ ತೆರೆಯಬಲ್ಲರು. ಊರು ಬಿಟ್ಟು ಊರಿಗೆ ಮಕ್ಕಳ ಮನೆಗೆ ಓಡಾಡುವ ಹಿರಿಯರಿಗೆ ಇದು ದೊಡ್ಡ ತೊಂದರೆ.

ಸೆಟ್ ಮಾಡುವಾಗ ಕಿವಿಯೊಳಗೆ ಕೂದಲಿನಂಥ ತೆಳು ಕೊಳವೆ ಇಟ್ಟು, ತಮಟೆಯ ಹತ್ತಿರ ಎಷ್ಟು ಸದ್ದು ತಲುಪುತ್ತಿದೆ ಅಂತ ಅಳೆಯುವ ವಿಧಾನ ಇದೆ. ರಿಯಲ್ ಇಯರ್ ಅಳತೆ ಅನ್ನುತ್ತಾರೆ. ಇದನ್ನು ಮಾಡುವ ಕಡೆಯೇ ಹೋಗಿ. ಅಪ್ಪನಿಗೆ ಎರಡನೇ ಸಲ ತಂದದ್ದು ಮಧ್ಯಮ ಬೆಲೆಯ ಆರ್‌ಐಸಿ ಜೋಡಿ, ತೆರೆದ ಡೋಮ್, ಕಿತ್ತಳೆ ಸೆಲ್. ಅಳೆದು ಸೆಟ್ ಮಾಡಿದ ಮೇಲೆ ಅಪ್ಪ ಮೊದಲು ಕೇಳಿದ್ದು, "ಈ ಫ್ಯಾನ್ ಯಾವಾಗಿಂದ ಕಿರ್‌ಕಿರ್ ಅಂತಿದೆ?"

ಮೊದಲ ವಾರ ಮನೆಯೊಳಗೆ, ಒಬ್ಬರೊಬ್ಬರ ಜೊತೆ, ದಿನಕ್ಕೆ ಕೆಲವು ಗಂಟೆ ಸಾಕು. ಪಾತ್ರೆ ಸದ್ದು, ಕಾಗದದ ಸದ್ದು ಕಿವಿಗೆ ಚುಚ್ಚುತ್ತದೆ. ವರ್ಷಗಟ್ಟಲೆ ಕೇಳದ್ದನ್ನು ಮಿದುಳು ಮತ್ತೆ ಕಲಿಯಬೇಕು, ಅದಕ್ಕೆ ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ. ಮನೆಯವರು ಎದುರಿಗೆ ಬಂದು, ಮುಖ ಕಾಣುವಂತೆ, ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಅಡುಗೆಮನೆಯಿಂದ ಕೂಗಿ "ಮೆಷಿನ್ ಹಾಕಿದ್ರೂ ಕೇಳಲ್ವಾ" ಅಂತ ದಯವಿಟ್ಟು ಅನ್ನಬೇಡಿ. ಆ ಒಂದು ಮಾತಿಗೆ ಮೆಷಿನ್ ಬಿಚ್ಚಿಟ್ಟವರನ್ನು ನಾನು ನೋಡಿದ್ದೇನೆ.

ರಾತ್ರಿ ಸೆಲ್ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿಡಿ. ಕರಾವಳಿಯವರು, ಮಲೆನಾಡಿನವರು ಮಳೆಗಾಲದಲ್ಲಿ ಒಂದು ರಾತ್ರಿಯೂ ಇದನ್ನು ತಪ್ಪಿಸಬೇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಅಂತ, ಬದಲಿಸಿ. ಸ್ನಾನ, ಕ್ಷೌರ, ಎಂಆರ್‌ಐ ಸ್ಕ್ಯಾನ್ ಇವಕ್ಕೆ ಮುಂಚೆ ತೆಗೆದಿಡಿ.

ಕೊನೆಯ ಹೆಜ್ಜೆ: ಒಂದು ಪುಟ್ಟ ಪುಸ್ತಕ

ಎರಡು ಮೂರು ವಾರದ ನಂತರ ಮತ್ತೆ ಹೋಗಲೇಬೇಕು. ಹೋಗುವಾಗ ಸುಮ್ನೆ "ಸರಿಯಾಗಿ ಕೇಳಲ್ಲ" ಅಂದರೆ ಅವರಿಗೆ ಏನು ತಿದ್ದಬೇಕು ಅಂತ ತಿಳಿಯುವುದಿಲ್ಲ. ಎಲ್ಲಿ, ಯಾರ ಮಾತು, ಯಾವ ಸದ್ದು ಅಂತ ಬರೆದಿಡಿ. ಅಪ್ಪ ಗಿರಣಿಯ ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿದ್ದರು. ಕುಕ್ಕರ್ ಸೀಟಿ ತಡೆಯಕ್ಕಾಗಲ್ಲ. ಬಸ್ಸಿನಲ್ಲಿ ಗಾಳಿ ಬುಸ್ ಅನ್ನುತ್ತೆ. ದೇವಸ್ಥಾನದಲ್ಲಿ ಮಂತ್ರ ಗೋಜಲು. ಪುಟ್ಟಿ ಮಾತು ಇನ್ನೂ ಸಿಗ್ತಿಲ್ಲ. ಪುಟ್ಟಿ ನನ್ನ ಮಗಳು, ಆಗ ಅವಳಿಗೆ ನಾಲ್ಕು ವರ್ಷ. ಮಕ್ಕಳ ದನಿ ತೆಳು, ಕೀಚಲು, ಮಾತೂ ಅವಸರ, ಎಲ್ಲಕ್ಕಿಂತ ಕಷ್ಟದ್ದು ಅದೇ ಅಂತ ಆಡಿಯಾಲಜಿಸ್ಟ್ ಹೇಳಿದರು. ಒಂದೊಂದೇ ಸಾಲು ಓದಿ ಕಂಪ್ಯೂಟರಿನಲ್ಲಿ ತಿದ್ದಿದರು. ಜೋರು ಸದ್ದಿನ ಮಿತಿ ಇಳಿಸಿದರು, ಗಾಳಿಯ ಸದ್ದಿಗೆ ಬೇರೆ ಏರ್ಪಾಡು ಹಾಕಿದರು, ಕೀಚಲು ಭಾಗವನ್ನು ಸ್ವಲ್ಪ ಏರಿಸಿದರು. ದೇವಸ್ಥಾನದ ಗೋಜಲು ಕಲ್ಲುಗೋಡೆಗಳ ಮಾರ್ದನಿಯಿಂದ ಬರುವುದು, ಅದು ಪೂರ್ತಿ ಹೋಗಲ್ಲ ಅಂತ ನೇರವಾಗಿ ಹೇಳಿದರು. ಮೂರು ಸಲ ಹೀಗೆ ಹೋಗಿ ಬಂದೆವು. ಮೂರನೇ ಸಲ ಹೊರಡುವ ಮುಂಚೆ ಪುಸ್ತಕ ತೆಗೆದು ನೋಡಿದೆ. ಕೊನೇ ಸಾಲಿಗೆ ಅಪ್ಪ ಒಂದು ಗೆರೆ ಎಳೆದು, ಪಕ್ಕದಲ್ಲಿ "ಸಿಗುತ್ತೆ" ಅಂತ ಬರೆದಿದ್ದರು.